ಸೊಳ್ಳೆಗೆ ಹಾಕಿದ ಔಷಧಿ ನೀರಿನ ಉಳಿದ ಹುಳಗಳಿಗೆ ಏನು ಮಾಡಿತು? ಬಿಳಿ ತಟ್ಟೆ ಇಟ್ಟುಕೊಂಡು ನೋಡುವ ಬಗೆ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮ ಕಾಕಾನದೊಂದು ದ್ರಾಕ್ಷಿ ತೋಟ ಇದೆ. ತೋಟದ ಮೂಲೆಯಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ. ಎರಡು ವರ್ಷದ ಹಿಂದೆ ದಸರಾ ಮುಗಿದು, ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಆಗಿ, ಎಣ್ಣಿ ಹೊಡೆಯುವ ಕೆಲಸ ಜೋರಾಗಿ ನಡೆದಿತ್ತು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಹೆಸರು. ಸಂಜೆ ಹೊಂಡದ ಹತ್ತಿರ ಸೊಳ್ಳೆ ಕಾಟ ಅಂತ ಕಾಕಾ ಪಂಪಿನಲ್ಲಿ ಉಳಿದ ಎಣ್ಣಿಯನ್ನು ಹೊಂಡಕ್ಕೇ ಸುರಿದರು. ಮರುದಿನ ಬೆಳಿಗ್ಗೆ ನೀರಿನ ಅಂಚಿಗೆ ಸತ್ತ ಹುಳಗಳ ಕಪ್ಪು ಗೆರೆ. ಕಾಕಾಗೆ ಖುಷಿಯೋ ಖುಷಿ. ಮೂರು ವಾರ ಕಳೆದ ಮೇಲೆ ನನಗೆ ಫೋನ್ ಬಂತು: "ಏನಪಾ ಮಾಸ್ತರ, ಸೊಳ್ಳಿ ಮೊದಲಿಗಿಂತ ಜಾಸ್ತಿ ಆಗ್ಯಾವಲ್ಲೋ!"

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಿಸಿಲಿನ ದಿನಗಳಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬರಲು 7ರಿಂದ 10 ದಿನ ಸಾಕು. ಸೊಳ್ಳೆ ಮರಿಯನ್ನು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿ ಬೆಳೆಯಲು ಬೇಗ ಅಂದರೂ ಒಂದು ತಿಂಗಳಿಗಿಂತ ಹೆಚ್ಚು ಬೇಕು. ಎರಡನ್ನೂ ಒಂದೇ ದಿನ ಕೊಂದರೆ ಮೊದಲು ವಾಪಸ್ ಬರುವುದು ಯಾರು ಹೇಳಿ?

ಹಾಗಂತ ಔಷಧಿಯೇ ಬೇಡ ಅನ್ನುವವನಲ್ಲ ನಾನು. ವಿಜಯಪುರ, ಬಾಗಲಕೋಟೆ ಎರಡೂ ಆನೆಕಾಲು ರೋಗ ಕಂಡ ಜಿಲ್ಲೆಗಳು. ಡೆಂಗಿ ಪ್ರತಿ ಮಳೆಗಾಲದ ನೆಂಟ. ಔಷಧಿ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು, ಹಾಕಿದ ಮೇಲೆ ನೀರಿನಲ್ಲಿ ಏನಾಯಿತು ಅಂತ ನಾವೇ ನೋಡಿ ತಿಳಿಯುವುದು ಹೇಗೆ? ಅದನ್ನು ಹಂತ ಹಂತವಾಗಿ ಬರೆದಿದ್ದೇನೆ. ಶಾಲೆಯ ಮಕ್ಕಳ ಜೊತೆ ಮಾಡಿದ ಕೆಲಸ ಇದು. ಖರ್ಚು ಹೆಚ್ಚಿಲ್ಲ, ತಾಳ್ಮೆ ಬೇಕು.

ಹಂತ 1: ಇದು ಜೀವ ಇರುವ ನೀರೋ, ಸುಮ್ನೆ ನಿಂತ ನೀರೋ?

ಮೊದಲು ನಿಮ್ಮ ಓಣಿಯ ನೀರನ್ನೆಲ್ಲ ಎರಡು ಗುಂಪು ಮಾಡಿ. ಬ್ಯಾರಲ್, ಬಚ್ಚಲ ಹೌದ (ನೀರಿನ ತೊಟ್ಟಿ), ಸಿಂಟೆಕ್ಸ್, ಹಳೇ ಟೈರು, ಕೂಲರ್, ತೆಂಗಿನ ಚಿಪ್ಪು, ಇವೆಲ್ಲ ಮೊದಲ ಗುಂಪು. ನಳದ ನೀರು ದಿನ ಬಿಟ್ಟು ದಿನ, ಕೆಲವು ಕಡೆ ವಾರಕ್ಕೊಮ್ಮೆ ಬರುವ ಊರುಗಳಲ್ಲಿ ನೀರು ತುಂಬಿಡದೆ ಗತಿಯಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಲ್ಲೇ. ಈ ನೀರಿನಲ್ಲಿ ಕಾಪಾಡಬೇಕಾದ ಬೇರೆ ಜೀವ ಇರುವುದು ಕಡಿಮೆ. ವಾರಕ್ಕೊಮ್ಮೆ ಖಾಲಿ ಮಾಡಿ, ಗೋಡೆಯನ್ನು ತಿಕ್ಕಿ ತೊಳೆಯಿರಿ. ತಿಕ್ಕುವುದು ಯಾಕೆಂದರೆ ಈಡಿಸ್ ಮೊಟ್ಟೆ ಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ತೊಳೆಯಲು ಆಗದ ದೊಡ್ಡ ಹೌದಕ್ಕೆ ಆಶಾ ಕಾರ್ಯಕರ್ತೆಯರು ಔಷಧಿ ಹಾಕಲು ಬಂದರೆ ಬೇಡ ಅನ್ನಬೇಡಿ.

ಕೊಳಚೆ ಗಟಾರವೂ ಹೆಚ್ಚುಕಡಿಮೆ ಇದೇ ಗುಂಪು. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಗಟಾರವೇ ಮನೆ. ಆದರೆ ಗಟಾರ ಎಲ್ಲಿಗೆ ಹರಿಯುತ್ತದೆ ನೋಡಿ. ಹಳ್ಳಕ್ಕೋ, ಡೋಣಿ ಹೊಳೆಗೋ ಸೇರುವುದಾದರೆ ಹಾಕಿದ ಔಷಧಿಯೂ ಮೊದಲ ಮಳೆಗೆ ಅಲ್ಲಿಗೇ ಹೋಗುತ್ತದೆ.

ಎರಡನೇ ಗುಂಪು ಕೆರೆ, ಹಳ್ಳ, ಬಾವಿ, ಬಾವಡಿ (ಮೆಟ್ಟಿಲು ಬಾವಿ), ಹಳೆಯ ಕೃಷಿ ಹೊಂಡ. ಮುಂದಿನ ಮಾತೆಲ್ಲ ಇವುಗಳದೇ. ವಿಜಯಪುರದಲ್ಲಿ ಬಾವಡಿಗಳಿಗೆ ಬರವಿಲ್ಲ. 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿಯಿಂದ ಹಿಡಿದು ಓಣಿ ಓಣಿಯಲ್ಲೂ ಇವೆ. ಆದರೆ ಸ್ಮಾರಕಗಳಿಗೆ ಬಲೆ ಹಿಡಿದು ಇಳಿಯಬೇಡಿ, ಅನುಮತಿ ಬೇಕು. ಕಲಿಯಲು ನಿಮ್ಮೂರಿನ ಹೊಂಡವೇ ಸಾಕು.

ಹಂತ 2: ಸಾಮಾನು, ಮತ್ತು ಬಿದ್ದು ಸಾಯದಿರುವ ಬಗೆ

ಒಂದು ಬಿಳಿ ತಟ್ಟೆ ಬೇಕು. ಬಿಳಿಯೇ ಆಗಬೇಕು, ಸ್ಟೀಲ್ ತಟ್ಟೆಯಲ್ಲಿ ಹುಳ ಕಾಣುವುದಿಲ್ಲ. ಬಣ್ಣದ ಡಬ್ಬಿಯ ಅಗಲ ಮುಚ್ಚಳವೂ ನಡೆಯುತ್ತದೆ. ಉದ್ದ ಕೋಲಿಗೆ ಕಟ್ಟಿದ ಬಿಳಿ ಸೌಟು ಅಥವಾ ಪ್ಲಾಸ್ಟಿಕ್ ಮಗ್ಗು ಇರಲಿ. ಆರೋಗ್ಯ ಇಲಾಖೆಯವರು ಸೊಳ್ಳೆ ಮರಿ ಎಣಿಸುವುದು ಇಂಥ ಸೌಟಿನಲ್ಲೇ. ಒಂದು ಕೈಬಲೆ ಬೇಕು. ಸೊಳ್ಳೆ ಪರದೆಯ ಬಟ್ಟೆ ಇದಕ್ಕೆ ಆಗದು, ಅದರ ತೂತು ದೊಡ್ಡದು, ಸಣ್ಣ ಜೀವಿಗಳು ನುಸುಳಿಬಿಡುತ್ತವೆ. ಹಿಟ್ಟು ಸೋಸುವ ಸಣ್ಣ ಜರಡಿಯ ಬಟ್ಟೆಯನ್ನು ತಂತಿ ಬಳೆಗೆ ಹೊಲಿಸಿ. ಔಷಧಿ ಅಂಗಡಿಯ ಡ್ರಾಪರ್, ಒಂದು ಭೂತಗನ್ನಡಿ, ಥರ್ಮಾಮೀಟರ್, ನೋಟ್‌ಬುಕ್. ಮೊಬೈಲ್ ಹೇಗೂ ಇದೆ.

ಈಗ ಸ್ವಲ್ಪ ನಿಂತು ಓದಿ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಸಾವಿನ ಗುಂಡಿ. ಪಾಚಿ ಹಿಡಿದ ಪ್ಲಾಸ್ಟಿಕ್ ಮೇಲೆ ಕಾಲು ನಿಲ್ಲುವುದಿಲ್ಲ, ಈಜು ಬಂದವರೂ ಹತ್ತಿ ಬರಲಾರರು. ಒಬ್ಬರೇ ಹೋಗಬೇಡಿ. ಮಕ್ಕಳನ್ನು ಬೇಲಿಯ ಹೊರಗೇ ನಿಲ್ಲಿಸಿ. ದಂಡೆಯ ಮೇಲೆ ಗಂಟು ಹಾಕಿದ ಹಗ್ಗವೊಂದನ್ನು ಗಟ್ಟಿ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟಿರಿ. ಬಾವಡಿಯ ಕೆಳಗಿನ ಮೆಟ್ಟಿಲುಗಳದೂ ಇದೇ ಕಥೆ. ಕೋಲು ಉದ್ದ ಮಾಡಿ, ನೀವು ಮುಂದೆ ಬಾಗಬೇಡಿ. ನಮ್ಮ ಶಾಲೆಯಲ್ಲಿ ನೀರು ತೆಗೆಯುವುದು ದೊಡ್ಡವರು ಮಾತ್ರ, ತಟ್ಟೆ ನೋಡುವುದು ಮಕ್ಕಳು.

ಹಂತ 3: ಔಷಧಿ ಹಾಕುವ ಮೊದಲೇ ಎರಡು ಸಲ ಎಣಿಸಿ

ಎಲ್ಲರೂ ತಪ್ಪುವುದು ಇಲ್ಲೇ. ಔಷಧಿ ಹಾಕಿದ ಮೇಲೆ ಓಡಿ ಬಂದು ನೋಡುತ್ತಾರೆ. ಮೊದಲು ಏನಿತ್ತು ಅಂತ ಗೊತ್ತಿಲ್ಲದಿದ್ದರೆ ಏನು ಹೋಯಿತು ಅಂತ ಹೇಗೆ ಗೊತ್ತಾಗಬೇಕು? ಒಂದು ವಾರದ ಅಂತರದಲ್ಲಿ ಎರಡು ಸಲ ಎಣಿಸಿ. ಬೆಳಿಗ್ಗೆ 7ರಿಂದ 9ರ ಒಳಗೆ, ಪ್ರತಿ ಸಲ ಅದೇ ಹೊತ್ತಿಗೆ, ಅದೇ ಜಾಗದಲ್ಲಿ.

ಸೌಟಿನಿಂದ ಅಂಚಿನ ನೀರನ್ನು 10 ಸಲ ತೆಗೆಯಿರಿ. ಹುಲ್ಲು, ಪಾಚಿ, ನೆರಳು ಇರುವ ಕಡೆ ತೆಗೆಯಬೇಕು. ಹತ್ತಿರ ಹೋಗುವಾಗ ನಿಮ್ಮ ನೆರಳು ನೀರಿನ ಮೇಲೆ ಬಿದ್ದರೆ ಸೊಳ್ಳೆ ಮರಿಗಳು ಕೆಳಗೆ ಇಳಿದುಬಿಡುತ್ತವೆ. ಒಂದೆರಡು ನಿಮಿಷ ಸುಮ್ಮನೆ ನಿಂತರೆ ಮತ್ತೆ ಮೇಲೆ ಬರುತ್ತವೆ. ಮರಿಗಳನ್ನೂ ಅಲ್ಪವಿರಾಮದ ಹಾಗೆ ಬಾಗಿದ ಕೋಶಗಳನ್ನೂ ಬೇರೆ ಬೇರೆ ಬರೆಯಿರಿ. ಕೋಶ ಕಂಡರೆ ಎರಡು ಮೂರು ದಿನದಲ್ಲಿ ಸೊಳ್ಳೆ ಹಾರುತ್ತದೆ ಅಂತ ಅರ್ಥ.

ಆಮೇಲೆ ಬಲೆಯನ್ನು ನೀರಿನೊಳಗೆ ಒಂದು ಮೀಟರ್ ಉದ್ದ ಎಳೆಯಿರಿ. ಹೀಗೆ 10 ಸಲ. ಬಂದದ್ದನ್ನೆಲ್ಲ ಸ್ವಲ್ಪ ನೀರಿರುವ ಬಿಳಿ ತಟ್ಟೆಗೆ ಮಗುಚಿ, ಎರಡು ನಿಮಿಷ ಕೈ ಹಚ್ಚದೆ ಕಾಯಿರಿ. ಮೊದಲು ಬರೀ ಕಸ ಕಾಣುತ್ತದೆ. ಆಮೇಲೆ ಕಸದ ಒಂದೊಂದು ಚೂರು ನಡೆಯತೊಡಗುತ್ತದೆ. ಆ ಎರಡು ನಿಮಿಷಕ್ಕೆ ಮಕ್ಕಳ ಮುಖ ನೋಡಬೇಕು!

ಇದೇ ಕೆಲಸವನ್ನು ಔಷಧಿ ಹಾಕದ ಇನ್ನೊಂದು ನೀರಿನಲ್ಲೂ ಮಾಡಿ. ಅಷ್ಟೇ ದೊಡ್ಡದು, ಅಷ್ಟೇ ಹಳೆಯದು, ಅಂಥದೇ ಮಣ್ಣಿನದು. ಇದು ಬೇಕೇ ಬೇಕು, ಕಾರಣ ಹಂತ 7ರಲ್ಲಿದೆ.

ಹಂತ 4: ತಟ್ಟೆಯಲ್ಲಿ ಯಾರು ಯಾರು?

ಹೆಸರು ಬಾಯಿಪಾಠ ಬೇಡ. ಹೇಗೆ ಉಸಿರಾಡುತ್ತದೆ, ಹೇಗೆ ಓಡಾಡುತ್ತದೆ ನೋಡಿದರೆ ಗುಂಪು ತಿಳಿಯುತ್ತದೆ.

ಸೊಳ್ಳೆ ಮರಿಯಿಂದಲೇ ಶುರು ಮಾಡೋಣ. ಮಲೇರಿಯಾದ ಅನಾಫಿಲಿಸ್ ಮರಿ ನೀರಿನ ಮೇಲೆ ಕಡ್ಡಿಯ ಹಾಗೆ ಅಡ್ಡ ಮಲಗುತ್ತದೆ. ಕ್ಯೂಲೆಕ್ಸ್ ಮತ್ತು ಈಡಿಸ್ ತಲೆ ಕೆಳಗೆ ಮಾಡಿ ಬಾಲದ ಕೊಳವೆಯಿಂದ ನೇತಾಡುತ್ತವೆ. ಬಾವಿ, ಹೊಂಡಗಳಲ್ಲಿ ಅನಾಫಿಲಿಸ್ ಸಿಗುವುದು ಜಾಸ್ತಿ.

ಕೆಳಗೆ ಕೆಸರಿನಲ್ಲಿ ಕೆಂಪು ದಾರದಂಥ ಹುಳ ನುಲಿಯುತ್ತಿದ್ದರೆ ಅದು ಸೊಳ್ಳೆ ಮರಿ ಅಲ್ಲ. ಕೈರೊನೊಮಿಡ್ ಅನ್ನುವ, ಕಚ್ಚದ ಸಣ್ಣ ನೊಣದ ಮರಿ. ನಮ್ಮ ರಕ್ತದಲ್ಲಿ ಇರುವಂಥ ಹಿಮೊಗ್ಲೋಬಿನ್ ಅದರಲ್ಲೂ ಇದೆ, ಅದಕ್ಕೇ ಆ ಬಣ್ಣ. ಇದರ ದೊಡ್ಡವು ಸಂಜೆ ಕೆರೆ ದಂಡೆಯ ದೀಪಕ್ಕೆ ಮೋಡದ ಹಾಗೆ ಮುತ್ತುತ್ತವೆ. ನೋಡಲು ಥೇಟ್ ಸೊಳ್ಳೆ. ಜನ ಹೆದರಿ ಫಾಗಿಂಗ್ (ಔಷಧಿ ಹೊಗೆ) ಮಾಡಿಸಿ ಅಂತ ಅರ್ಜಿ ಕೊಡುತ್ತಾರೆ. ಪಾಪ, ಅವು ಯಾರನ್ನೂ ಕಚ್ಚುವುದಿಲ್ಲ. ಮೀನಿಗೆ, ಹಕ್ಕಿಗೆ ಅದೇ ಊಟ.

ಬೇಟೆಗಾರರದು ಬೇರೆಯೇ ಸಾಲು. ಏರೋಪ್ಲೇನ್ ಚಿಟ್ಟೆಯ ಮರಿ ಗಿಡ್ಡ, ಕಂದು, ಆರು ಕಾಲಿನ ಗೂಂಡಾ. ಕೆಳತುಟಿಯನ್ನು ಕೈಯ ಹಾಗೆ ಮುಂದೆ ಚಾಚಿ ಬೇಟೆ ಹಿಡಿಯುತ್ತದೆ. ಸಿಕ್ಕರೆ ದಿನಕ್ಕೆ ಹತ್ತಾರು ಸೊಳ್ಳೆ ಮರಿ ನುಂಗುತ್ತದೆ. ಬಾಲಕ್ಕೆ ಮೂರು ಎಲೆಯಂಥ ಗರಿ ಇರುವ ತೆಳ್ಳನೆಯದು ಅದರ ದಾಯಾದಿ. ದೋಣಿಯ ಹುಟ್ಟಿನಂಥ ಕಾಲಿಟ್ಟು ಬೆನ್ನು ಕೆಳಗೆ ಮಾಡಿ ಈಜುವ ತಿಗಣೆ, ನೀರಿನ ಮೇಲೆ ಜಾರುವ ಉದ್ದ ಕಾಲಿನ ತಿಗಣೆ, ಮೇಲೆ ಬಂದು ಗಾಳಿಗುಳ್ಳೆ ಹಿಡಿದು ಕೆಳಗಿಳಿಯುವ ಜೀರುಂಡೆ, ಇವೂ ಬೇಟೆಗಾರರೇ.

ಇನ್ನು ಚುಕ್ಕೆಯಂಥ ಜೀವಿಗಳು. ಹಾರಿ ಹಾರಿ ಈಜುವ ಬಿಳಿ ಚುಕ್ಕೆ ನೀರು ಚಿಗಟ, ಅಂದರೆ ಡಾಫ್ನಿಯಾ ಜಾತಿಯದು. ಸರ್ರನೆ ಜಿಗಿಯುವ, ಬಾಲ ಕವಲಾದ ಚುಕ್ಕೆ ಸೈಕ್ಲಾಪ್ಸ್. ಇವು ಏಡಿ, ಸೀಗಡಿಗಳ ಬಳಗ. ಕಾಲು ಶತಮಾನದ ಹಿಂದಿನವರೆಗೆ ಸೈಕ್ಲಾಪ್ಸ್ ಅಂದರೆ ನಮ್ಮಲ್ಲಿ ಭಯವಿತ್ತು, ಯಾಕೆಂದರೆ ನಾರುಹುಣ್ಣಿನ ಹುಳ ಬಾವಡಿ ನೀರಿನ ಮೂಲಕ ಮನುಷ್ಯನಿಗೆ ಬರುತ್ತಿದ್ದದ್ದು ಇದರ ಹೊಟ್ಟೆಯಲ್ಲಿ ಕೂತು. ಆ ರೋಗವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಭಾರತದ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ. 2000ದಲ್ಲಿ ದೇಶ ನಾರುಹುಣ್ಣಿನಿಂದ ಮುಕ್ತ ಅಂತ ಘೋಷಣೆಯಾಯಿತು. ಆಗ ಸೈಕ್ಲಾಪ್ಸ್ ಕೊಲ್ಲಲು ಬಾವಿಗಳಿಗೆ ಹಾಕಿದ ಔಷಧಿ ಯಾವುದು ಗೊತ್ತಾ? ಟೆಮಿಫಾಸ್. ಇವತ್ತು ಸೊಳ್ಳೆ ಮರಿಗೆ ಅಂತ ಹೌದಕ್ಕೆ ಹಾಕುವುದೂ ಅದನ್ನೇ. ಹಾಗಾಗಿ ಟೆಮಿಫಾಸ್ ಸೊಳ್ಳೆ ಮರಿಯನ್ನು ಮಾತ್ರ ಕೊಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಗು ಬರುತ್ತದೆ. ಒಂದು ಕಾಲಕ್ಕೆ ಸೈಕ್ಲಾಪ್ಸ್ ಕೊಲ್ಲುವುದೇ ಅದರ ಕೆಲಸವಾಗಿತ್ತು!

ಕೊನೆಗೆ ಬಸವನಹುಳು, ಜಿಗಣೆ. ಇವುಗಳನ್ನೂ ಎಣಿಸಿ, ಆದರೆ ಬಸವನಹುಳು ನೋಡಿ ಮೋಸ ಹೋಗಬೇಡಿ. ಸೊಳ್ಳೆಯ ಔಷಧಿಗಳು ಹೆಚ್ಚು ಹೊಡೆಯುವುದು ಕೀಟ ಮತ್ತು ಏಡಿ ಬಳಗವನ್ನು. ಬಸವನಹುಳು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಹೊಂಡದ ತುಂಬ ಬಸವನಹುಳು ಇದ್ದು ಬೇರೇನೂ ಇಲ್ಲದಿದ್ದರೆ ಆ ನೀರು ಚೆನ್ನಾಗಿದೆ ಅನ್ನುವ ಹಾಗಿಲ್ಲ, ಏನೋ ನಡೆದಿದೆ ಅಂತ ಲೆಕ್ಕ.

ಹಂತ 5: ಡಬ್ಬಿಯ ಮೇಲೆ ಏನಿದೆ ಓದಿ

ಯಾವ ಔಷಧಿ ಅಂತ ಗೊತ್ತಿಲ್ಲದೆ ಮುಂದೆ ಹೋಗಬೇಡಿ. ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತು ಮನುಷ್ಯ, ದನಕರುಗಳಿಗೆ ಎಷ್ಟು ವಿಷ ಅನ್ನುವುದಕ್ಕೆ. ನೀರಿನ ಹುಳಗಳಿಗೂ ಅದಕ್ಕೂ ಸಂಬಂಧವಿಲ್ಲ. ಹಸಿರು ಇದೆ, ಏನೂ ಆಗಲ್ಲ ಅಂತ ಬಾವಿಗೆ ಸುರಿದವರನ್ನು ಕಂಡಿದ್ದೇನೆ.

ಟೆಮಿಫಾಸ್ ನರದ ಔಷಧಿ. ನರದ ಸಂದೇಶ ಮುಗಿದ ಮೇಲೆ ಅದನ್ನು ಅಳಿಸುವ ಕಿಣ್ವವೊಂದಿದೆ. ಟೆಮಿಫಾಸ್ ಅದನ್ನು ಕಟ್ಟಿಹಾಕುತ್ತದೆ, ಹುಳ ಅದಿರಿ ಅದಿರಿ ಸಾಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಲೆಕ್ಕ ಹಾಕಿ ನೋಡೋಣ. 500 ಲೀಟರಿನ ಹೌದಕ್ಕೆ ಬೇಕಾದ್ದು ಅರ್ಧ ಗ್ರಾಂ. ಶೇ. 50ರ ದ್ರಾವಣವಾದರೆ ಸುಮಾರು 1 ಮಿಲಿ. ಒಂದು ಮುಚ್ಚಳ, ಅಂದರೆ 10 ಮಿಲಿ ಹಾಕಿದರೆ ಹತ್ತು ಪಟ್ಟು. 'ಇರಲಿ ಬಿಡು, ಸ್ವಲ್ಪ ಜಾಸ್ತಿ' ಅನ್ನುವ ನಮ್ಮ ಕೈಗುಣ ಇಲ್ಲಿ ಕೆಲಸಕ್ಕೆ ಬಾರದು. ಅಳೆದು ಹಾಕುವ ಕೆಲಸವನ್ನು ತರಬೇತಿ ಆದವರಿಗೇ ಬಿಡಿ.

ಪೈರೆಥ್ರಾಯ್ಡ್ ಗುಂಪು, ಅಂದರೆ ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್, ಸೈಪರ್‌ಮೆಥ್ರಿನ್ ಇತ್ಯಾದಿ. ಇವು ಮನೆಯ ಗೋಡೆಗೆ, ಸೊಳ್ಳೆ ಪರದೆಗೆ. ಬಾವಿ, ಹೊಂಡಕ್ಕಲ್ಲ. ಮೀನು, ಸೀಗಡಿ, ನೀರಿನ ಕೀಟಕ್ಕೆ ಇವು ಬಹಳ ಕಡಿಮೆ ಪ್ರಮಾಣದಲ್ಲೂ ವಿಷ. ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲದೆ ಕೆಸರಿಗೆ ಅಂಟಿಕೊಳ್ಳುತ್ತವೆ. ಮೇಲಿನ ನೀರು ತಿಳಿಯಾಗಿ ಕಂಡರೂ ಕೆಳಗೆ ಕೆಂಪು ಹುಳ ಸಾಯುತ್ತಿರುತ್ತದೆ. ಇನ್ನೊಂದು ವಿಚಿತ್ರ: ನೀರು ತಣ್ಣಗಾದಷ್ಟೂ ಕೀಟಗಳಿಗೆ ಇವುಗಳ ವಿಷ ಹೆಚ್ಚು. ನಮ್ಮ ಡಿಸೆಂಬರ್ ಚಳಿಯಲ್ಲಿ ಅದೇ ಪ್ರಮಾಣ ಇನ್ನಷ್ಟು ಕೊಲ್ಲುತ್ತದೆ. ಕಾಕಾ ಸುರಿದದ್ದು ಈ ಗುಂಪಿನದೇ. ಬೆನ್ನ ಮೇಲೆ ಈಜುವ ತಿಗಣೆ ಅವತ್ತು ಹೊಟ್ಟೆಯ ಮೇಲೆ ಬಿದ್ದಿತ್ತು.

ಡೈಫ್ಲುಬೆಂಜುರಾನ್ ಬೇರೆ ಜಾತಿ. ಇದು ಹುಳ ಪೊರೆ ಬಿಡುವಾಗ ಹೊಸ ಚರ್ಮ ಕಟ್ಟಲು ಬಿಡುವುದಿಲ್ಲ. ಮನುಷ್ಯರಿಗೆ ವಿಷ ಕಡಿಮೆ. ಆದರೆ ಪೊರೆ ಬಿಡುವುದು ಸೊಳ್ಳೆ ಒಂದೇ ಅಲ್ಲವಲ್ಲ? ನೀರು ಚಿಗಟ, ಸೀಗಡಿ, ಏಡಿ ಎಲ್ಲಾ ಪೊರೆ ಬಿಟ್ಟೇ ಬೆಳೆಯುತ್ತವೆ. ಏಡಿ, ಸೀಗಡಿ ಇರುವ ನೀರಿಗೆ ನಾನಂತೂ ಹಾಕಿಸುವುದಿಲ್ಲ. ಮೆಥೊಪ್ರೀನ್, ಪೈರಿಪ್ರಾಕ್ಸಿಫೆನ್ ಸೊಳ್ಳೆ ಮರಿಯನ್ನು ದೊಡ್ಡದಾಗಲು ಬಿಡದ ಹಾರ್ಮೋನಿನ ನಕಲುಗಳು. ಇವುಗಳನ್ನು ಹಾಕಿದರೆ ಮರಿ ಸಾಯದೆ ಆಡುತ್ತಲೇ ಇರುತ್ತದೆ, ಕೋಶದಲ್ಲಿ ನಿಲ್ಲುತ್ತದೆ. ಔಷಧಿ ಹತ್ತಿಲ್ಲ ಅಂತ ಮತ್ತೆ ಸುರಿಯಬೇಡಿ.

ಈಗ ಬಿಟಿಐ, ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಕೊಚ್ಚೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ. ಇದರ ವಿಷದ ಹರಳನ್ನು ಮರಿ ತಿನ್ನಬೇಕು. ಕ್ಷಾರ ಇರುವ ಹೊಟ್ಟೆಯಲ್ಲಿ ಅದು ಕರಗಿ, ಕರುಳಿನ ಗೋಡೆಗೆ ಅಂಟಿ ತೂತು ಮಾಡುತ್ತದೆ. ಅಂಥ ಹೊಟ್ಟೆ, ಅಂಟಲು ಸರಿಯಾದ ಜಾಗ ಎರಡೂ ಇರುವುದು ಸೊಳ್ಳೆ ಮತ್ತು ಅದರ ಹತ್ತಿರದ ನೆಂಟರಲ್ಲಿ. ಹಾಗಾಗಿ ಏರೋಪ್ಲೇನ್ ಚಿಟ್ಟೆ, ಜೀರುಂಡೆ, ನೀರು ಚಿಗಟಕ್ಕೆ ನೇರ ಪೆಟ್ಟಿಲ್ಲ. ಕೋಶ ಏನನ್ನೂ ತಿನ್ನುವುದಿಲ್ಲ, ಅದಕ್ಕೂ ತಾಗದು. ತೆರೆದ ನೀರಿಗೆ ಏನಾದರೂ ಹಾಕಲೇಬೇಕು ಅಂದರೆ ನನ್ನ ಓಟು ಇದಕ್ಕೇ. ಆದರೂ ಪೂಜೆ ಮಾಡಬೇಕಿಲ್ಲ. ಪ್ರಮಾಣ ಹೆಚ್ಚಾದರೆ ಕೆಂಪು ಹುಳಕ್ಕೂ ಹೊಡೆಯುತ್ತದೆ. ಫ್ರಾನ್ಸಿನ ಕಮಾರ್ಗ್ ಜೌಗಿನಲ್ಲಿ ಬಿಟಿಐ ಸಿಂಪಡಿಸಿದ ಕಡೆ ಸಣ್ಣ ನೊಣಗಳು ಕಡಿಮೆಯಾಗಿ, ಅವನ್ನೇ ನಂಬಿದ ಕವಲುತೋಕೆ ಬಳಗದ ಹಕ್ಕಿಗಳು ಕಡಿಮೆ ಮರಿ ಬೆಳೆಸಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಔಷಧಿ ಹಕ್ಕಿಗೆ ತಾಗಲಿಲ್ಲ, ಹಕ್ಕಿಯ ತಾಟಿಗೆ ತಾಗಿತು.

ನೀರಿನ ಮೇಲೆ ಎಣ್ಣೆ (ಕೀಟನಾಶಕದ ಎಣ್ಣಿ ಅಲ್ಲ, ನಿಜವಾದ ಎಣ್ಣೆ) ಬಿಡುವುದನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಮೇಲೆ ಬಂದು ಉಸಿರಾಡುವ ಎಲ್ಲವನ್ನೂ ಕಟ್ಟುತ್ತದೆ, ತಿಗಣೆ, ಜೀರುಂಡೆ ಸೇರಿ. ಗಟಾರಕ್ಕೆ ಸರಿ, ಕೆರೆಗೆ ಬೇಡ.

ಫಾಗಿಂಗ್ ನೀರಿನ ಔಷಧಿಯೇ ಅಲ್ಲ. ಸಾಮಾನ್ಯವಾಗಿ ಒಂದು ಪಾಲು ಮೆಲಾಥಿಯಾನ್, 19 ಪಾಲು ಡೀಸೆಲ್. ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನು ಕೊಲ್ಲುತ್ತದೆ, ಮರಿಯನ್ನಲ್ಲ. ರೋಗ ಹರಡಿದಾಗ ಬೇಕು, ಸರಿ. ಆದರೆ ಹೊಗೆಯ ಬಾಯಿಯನ್ನು ಬಾವಡಿಯೊಳಗೆ ತಿರುಗಿಸಿ ನಿಲ್ಲುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೀನು ಔಷಧಿ ಅಲ್ಲದಿದ್ದರೂ ಇಲ್ಲಿ ಬರಲೇಬೇಕು. ಗ್ಯಾಂಬೂಸಿಯಾ, ಗಪ್ಪಿ ಎರಡೂ ಹೊರದೇಶದವು. ಮುಚ್ಚಿದ ಬಾವಿ, ಸಿಮೆಂಟ್ ಟಾಕಿಗೆ ಒಳ್ಳೆ ಉಪಾಯ. ಕೆರೆಗೆ ಬಿಟ್ಟರೆ ಸೊಳ್ಳೆ ಮರಿಯ ಜೊತೆ ನೀರು ಚಿಗಟ, ಕಪ್ಪೆ ಮರಿ, ಬೇರೆ ಮೀನಿನ ಮರಿ ಎಲ್ಲ ತಿನ್ನುತ್ತದೆ. ಅದನ್ನು ವಾಪಸ್ ಹಿಡಿಯಲು ಆಗದು. ಊರಿನ ಸಣ್ಣ ಮೀನು ಮೊದಲೇ ಇದ್ದರೆ ಹೊಸದು ಯಾಕೆ?

ಹಂತ 6: ಆಳ ಅಳೆಯಿರಿ

ಯಾರೂ ಮಾಡದ ಕೆಲಸ ಇದು. ಕೆಲವು ಔಷಧಿಗಳ ಪ್ರಮಾಣ ಎಷ್ಟು ಲೀಟರಿಗೆ ಅಂತ ಇರದೆ, ಎಷ್ಟು ಜಾಗಕ್ಕೆ ಅಂತ ಇರುತ್ತದೆ. ಹೆಕ್ಟೇರಿಗೆ 100 ಗ್ರಾಂ ಅಂದುಕೊಳ್ಳಿ. ಒಂದು ಚದರ ಮೀಟರಿಗೆ 10 ಮಿಲಿಗ್ರಾಂ ಆಯಿತು. ನೀರು 1 ಮೀಟರ್ ಆಳ ಇದ್ದರೆ ಅದು 1000 ಲೀಟರಿನಲ್ಲಿ ಹರಡುತ್ತದೆ, ಲೀಟರಿಗೆ 0.01 ಮಿಲಿಗ್ರಾಂ. ಏಪ್ರಿಲ್‌ನಲ್ಲಿ ನೀರು ಇಳಿದು 10 ಸೆಂಟಿಮೀಟರ್ ಉಳಿದಿದ್ದರೆ ಬರೀ 100 ಲೀಟರು, ಲೀಟರಿಗೆ 0.1 ಮಿಲಿಗ್ರಾಂ. ಅದೇ ಔಷಧಿ, ಅದೇ ಕೈ, ಹತ್ತು ಪಟ್ಟು ವಿಷ. ಬೇಸಿಗೆಯಲ್ಲಿ ಉಳಿದ ಜೀವಿಗಳೆಲ್ಲ ಆ ಕಡೆಯ ಮಡುವಿಗೇ ಬಂದು ಕೂಡಿರುತ್ತವೆ ಬೇರೆ. ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ನಾಲ್ಕೈದು ಕಡೆ ಆಳ ಬರೆದುಕೊಳ್ಳಿ. ಕಡಿಮೆ ಆಳವಿದ್ದರೆ ಔಷಧಿ ಹಾಕುವವರಿಗೆ ಮುಂಚೆಯೇ ಹೇಳಿ.

ಹಂತ 7: ಹಾಕಿದ ಮೇಲೆ

1ನೇ, 2ನೇ, 7ನೇ, 14ನೇ, 30ನೇ, 60ನೇ ದಿನ ಹೋಗಿ. ಎರಡೂ ನೀರಿಗೆ ಹೋಗಬೇಕು. ಮೊದಲೆರಡು ದಿನ ಸತ್ತು ತೇಲುವುದನ್ನು, ಅದಿರುವುದನ್ನು, ಮಗ್ಗುಲಾಗಿ ತಿರುಗುವುದನ್ನು ಬರೆಯಿರಿ. ಗಾಳಿ ಬೀಸುವ ದಿಕ್ಕಿನ ಕೊನೆಯ ದಂಡೆಗೆ ಹೋಗಿ ನೋಡಿ, ಸತ್ತವು ಅಲ್ಲಿ ಸೇರುತ್ತವೆ. ಆಮೇಲಿನ ದಿನಗಳಲ್ಲಿ ಮೊದಲಿನ ಹಾಗೇ ಸೌಟು 10, ಬಲೆ 10.

ಹೋಲಿಕೆ ಹೀಗೆ. ಉದಾಹರಣೆಗೆ ನಿಮ್ಮ ಹೊಂಡದಲ್ಲಿ ಬೇಟೆಗಾರ ಹುಳಗಳು 40 ಇದ್ದದ್ದು 10 ಆಯಿತು. ಔಷಧಿ ಹಾಕದ ಹೊಂಡದಲ್ಲಿ 40 ಇದ್ದದ್ದು 20 ಆಯಿತು. ಅಂದರೆ ಅರ್ಧ ಹೋದದ್ದು ಬಿಸಿಲಿಗೋ ನೀರು ಇಳಿದದ್ದಕ್ಕೋ. ಉಳಿದ 20ರಲ್ಲಿ ಅರ್ಧವನ್ನು ಮಾತ್ರ ಔಷಧಿಯ ಲೆಕ್ಕಕ್ಕೆ ಬರೆಯಬಹುದು. ಎರಡನೇ ಹೊಂಡ ನೋಡದಿದ್ದರೆ ಎಲ್ಲವನ್ನೂ ಔಷಧಿಯ ತಲೆಗೇ ಕಟ್ಟುತ್ತಿದ್ದಿರಿ. ಜೋರು ಮಳೆ, ದನ ಇಳಿದದ್ದು, ಪಕ್ಕದ ತೋಟದ ಸಿಂಪಡಣೆ, ಪಂಪ್ ತೊಳೆದ ನೀರು, ಎಲ್ಲ ದಿನಾಂಕದ ಸಮೇತ ಬರೆದಿಡಿ. ದ್ರಾಕ್ಷಿ ಸೀಮೆಯಲ್ಲಿ ಹೊಂಡ ಕೆಡುವುದು ಸೊಳ್ಳೆ ಔಷಧಿಯಿಂದ ಮಾತ್ರ ಅಲ್ಲ, ಪಂಪ್ ತೊಳೆಯುವುದರಿಂದಲೂ ಕೆಡುತ್ತದೆ.

ವಾಪಸ್ ಬರುವ ಸರದಿ ನೋಡುವುದೇ ಒಂದು ಮಜಾ. ರೆಕ್ಕೆ ಇರುವ ತಿಗಣೆ, ಜೀರುಂಡೆ ಬೇರೆ ಹೊಂಡದಿಂದ ಹಾರಿ ಬಂದು ಬೇಗ ಸೇರುತ್ತವೆ. ನೀರು ಚಿಗಟ ಕೆಸರಿನಲ್ಲಿ ಮಲಗಿದ ಗಟ್ಟಿ ಮೊಟ್ಟೆಗಳಿಂದ ಏಳುತ್ತದೆ. ಏಡಿ, ಸೀಗಡಿ ನಡೆದು ಅಥವಾ ಹರಿದು ಬರಬೇಕು, ಒಂಟಿ ಬಾವಿಗೆ ಎಲ್ಲಿಂದ ಬಂದಾವು?

ಹಂತ 8: ನೀರು ಇನ್ನೂ ವಿಷವೋ? ಗಾಜಿನ ಲೋಟದ ಪರೀಕ್ಷೆ

ಲ್ಯಾಬಿನಲ್ಲಿ ಡಾಫ್ನಿಯಾ ಇಟ್ಟು 48 ಗಂಟೆ ಮಾಡುವ ಪರೀಕ್ಷೆಯ ಬಡ ರೂಪ ಇದು. ಔಷಧಿಯ ಡಬ್ಬಿ ಮುಟ್ಟುವ ಕೆಲಸವಿಲ್ಲ, ಹೊಂಡದ ನೀರು ಸಾಕು. ಮಕ್ಕಳೂ ಕೈಗವಸು ಹಾಕಿ ಮಾಡಬಹುದು.

ಎಂಟು ಗಾಜಿನ ಲೋಟ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಬೇಡ, ಪೈರೆಥ್ರಾಯ್ಡ್ ಅದರ ಗೋಡೆಗೆ ಅಂಟಿ ನೀರಿನಿಂದ ಮಾಯವಾಗುತ್ತದೆ. ಈ ಲೋಟಗಳನ್ನು ಮತ್ತೆ ಅಡುಗೆಮನೆಗೆ ತರಬೇಡಿ. ನಾಲ್ಕಕ್ಕೆ ಔಷಧಿ ಹಾಕಿದ ಹೊಂಡದ ನೀರು, ನಾಲ್ಕಕ್ಕೆ ಹಾಕದ ಹೊಂಡದ ನೀರು. ನಳದ ನೀರು ಬೇಡವೇ ಬೇಡ, ಅದರ ಕ್ಲೋರಿನ್ನಿಗೇ ನೀರು ಚಿಗಟ ಸಾಯುತ್ತದೆ. ಮೊದಲ ವರ್ಷ ನಾವು ಈ ತಪ್ಪು ಮಾಡಿ ಎರಡು ದಿನ ತಲೆ ಕೆರೆದುಕೊಂಡೆವು. ನೀರನ್ನು ಬಟ್ಟೆಯಲ್ಲಿ ಸೋಸಿದ್ದರೆ ಒಳಗಿನ ಬೇಟೆಗಾರರು ಹೋಗುತ್ತಾರೆ. ಔಷಧಿ ಹಾಕದ ಶುದ್ಧ ಹೊಂಡದಿಂದ ಹಿಡಿದ ಸಣ್ಣ ನೀರು ಚಿಗಟಗಳನ್ನು ಅಗಲ ಬಾಯಿಯ ಡ್ರಾಪರಿನಲ್ಲಿ ಲೋಟಕ್ಕೆ ಐದರಂತೆ, ನೀರಿನೊಳಗೇ ಮೆಲ್ಲಗೆ ಬಿಡಿ. ಮೇಲಿಂದ ಬೀಳಿಸಿದರೆ ಗಾಳಿ ಹಿಡಿದು ತೇಲಿಬಿಡುತ್ತವೆ. ನೆರಳಿನಲ್ಲಿ ಇಡಿ, ಊಟ ಹಾಕಬೇಡಿ.

24 ಮತ್ತು 48 ಗಂಟೆಗೆ ಲೋಟವನ್ನು ಮೆಲ್ಲಗೆ ಅಲುಗಿಸಿ 15 ಸೆಕೆಂಡ್ ನೋಡಿ. ಈಜದೆ ಬಿದ್ದಿದ್ದರೆ ಅದು ಲೆಕ್ಕಕ್ಕೆ. ಶುದ್ಧ ನೀರಿನ 20ರಲ್ಲಿ ಎರಡಕ್ಕಿಂತ ಹೆಚ್ಚು ಬಿದ್ದಿದ್ದರೆ ಪರೀಕ್ಷೆ ರದ್ದು, ತಪ್ಪು ನಿಮ್ಮ ಕೈಯದು, ಮತ್ತೆ ಮಾಡಿ. ಶುದ್ಧ ನೀರಿನಲ್ಲಿ ಎಲ್ಲ ಆಡುತ್ತಿದ್ದು, ಇನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಬಿದ್ದಿದ್ದರೆ ಆ ಹೊಂಡಕ್ಕೆ ಎರಡನೇ ಸುತ್ತು ಔಷಧಿ ಹಾಕಲು ಬಿಡಬೇಡಿ. ನೆನಪಿಡಿ, ಪೊರೆ ಕೆಡಿಸುವ ಔಷಧಿಗಳ ಪೆಟ್ಟು 48 ಗಂಟೆಯಲ್ಲಿ ಪೂರ್ತಿ ಕಾಣದು. ಅದಕ್ಕೆ 30ನೇ ದಿನದ ಎಣಿಕೆಯೇ ಸಾಕ್ಷಿ.

ಹಂತ 9: ಯಾರಿಗೆ ಹೇಳುವುದು, ಏನು ಕೇಳುವುದು

ನೋಟ್‌ಬುಕ್ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಗ್ರಾಮ ಪಂಚಾಯಿತಿಗೆ ಹೋಗಿ. ಜಗಳಕ್ಕೆ ಹೋಗಬೇಡಿ. ಔಷಧಿ ಹೊತ್ತು ಬಿಸಿಲಲ್ಲಿ ತಿರುಗುವವರು ಮೇಲಿಂದ ಬಂದ ಪಟ್ಟಿಯಂತೆ ಕೆಲಸ ಮಾಡುತ್ತಾರೆ. 'ಈ ಹೊಂಡದಲ್ಲಿ 10 ಸೌಟಿಗೆ ಒಂದೂ ಸೊಳ್ಳೆ ಮರಿ ಇಲ್ಲ, ಬೇಟೆಗಾರ ಹುಳ ತುಂಬ ಇವೆ, ಇದನ್ನು ಬಿಟ್ಟು ಆ ಗಟಾರಕ್ಕೆ ಹಾಕಿ' ಅಂತ ಬರೆದದ್ದನ್ನು ತೋರಿಸಿದರೆ ಕೇಳುತ್ತಾರೆ. ಅವರ ಔಷಧಿಯೂ ಉಳಿಯುತ್ತದೆ. ಮರಿ ಇದ್ದರೆ ಮೊದಲು ಅಂಚಿನ ಹುಲ್ಲು, ಪಾಚಿ ತೆಗೆಸಿ. ಆದರೂ ಇಳಿಯದಿದ್ದರೆ, ಮರಿ ಸಿಕ್ಕ ಅಂಚಿಗೆ ಮಾತ್ರ ಬಿಟಿಐ ಹಾಕಲು ಕೇಳಿ.

ಕಾಕಾನ ಹೊಂಡಕ್ಕೆ ನಾವು 60ನೇ ದಿನ ಹೋದಾಗ ಚಳಿಗಾಲ ಜೋರಾಗಿತ್ತು. ತಟ್ಟೆಯಲ್ಲಿ ಬೆನ್ನೀಜುವ ತಿಗಣೆ ಬಂದಿತ್ತು, ನೀರು ಚಿಗಟ ಸ್ವಲ್ಪ ಇತ್ತು, ಏರೋಪ್ಲೇನ್ ಚಿಟ್ಟೆಯ ಮರಿ ಒಂದೂ ಇರಲಿಲ್ಲ. ನಾಲ್ಕನೇ ತಿಂಗಳು, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ, ಪ್ಲಾಸ್ಟಿಕ್ ಹಾಸಿನ ಮಡಿಕೆಯಲ್ಲಿ ಎರಡು ಖಾಲಿ ಚಿಪ್ಪು ಅಂಟಿಕೊಂಡಿದ್ದವು, ಬೆನ್ನು ಸೀಳಿದವು, ಒಳಗಿನವು ಹಾರಿಹೋಗಿದ್ದವು. ಕಾಕಾ ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದರು. "ಇವ ಏನು ಸೊಳ್ಳಿ ತಿನ್ನೂವು?" ಅಂದರು. ಹೌದು ಅಂದೆ. ಚಿಪ್ಪನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಪಂಪ್ ತೊಳೆಯಲು ಹೊಂಡದಿಂದ ದೂರ, ಬದುವಿನ ಆಚೆ ಗುಂಡಿ ತೋಡಲು ಆಳಿಗೆ ಹೇಳಿದರು.